ಪರಾಭವ ಸಂವತ್ಸರವೂ ಶರಣರ ನಂಬುಗೆಯೂ

ಚೈತ್ರ ಶುದ್ಧ ಪಾಡ್ಯವು ಚಾಂದ್ರಮಾನ ವರ್ಷದ ಮೊದಲ ದಿನ. ಅಂದು ಬಾಗಿಲಿಗೆ ಮಾವಿನ ತಳಿರಿನ ತೋರಣವನ್ನು ಕಟ್ಟಿ, ಅಭ್ಯಂಗಸ್ನಾನವನ್ನು ಮಾಡಿ, ಇಷ್ಟಲಿಂಗವನ್ನು ಪೂಜಿಸಿ, ಬೇವು-ಬೆಲ್ಲವನ್ನು ಪ್ರಸಾದವಾಗಿ ಸ್ವೀಕರಿಸಿ, ಹೊಸ ಪಂಚಾಂಗವನ್ನು ಕೇಳುವುದು ನಮ್ಮ ನಾಡಿನ ರೂಢಿ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳು ಒಂದರ ಬೆನ್ನಿಗೊಂದು ಬಂದು ಮತ್ತೆ ಮೊದಲಿನಿಂದ ಸುತ್ತುತ್ತವೆ. 2026ನೆಯ ಮಾರ್ಚ್ 19ರ ಯುಗಾದಿಯಿಂದ ಮೊದಲಾಗುವುದು ಶಾಲಿವಾಹನ ಶಕ 1948. ಸಂವತ್ಸರಗಳ ಸಾಲಿನಲ್ಲಿ ಅದು ನಲವತ್ತನೆಯದು. ಅದರ ಹೆಸರು ಪರಾಭವ. ಇದೇ ಹೆಸರಿನ ವರ್ಷವು ಹಿಂದೆ 1966ರಲ್ಲಿ ಬಂದಿದ್ದಿತು.

ಯುಗಾದಿಗೆ ಇನ್ನೂ ಕೆಲವು ದಿನಗಳಿರುವಾಗ, ಹಿಂದೆ ನನ್ನ ಬಳಿ ಅಕ್ಷರ ಕಲಿತ ಒಬ್ಬ ರೈತನು ಮಠಕ್ಕೆ ಬಂದನು. 2023ರ ಬರದಲ್ಲಿ ಬೆಳೆ ಕೈಗೆ ಬಾರದೆ, ಎರಡು ಎತ್ತುಗಳನ್ನೂ ಮಾರಿ, ಸಾಲದಲ್ಲಿ ಉಳಿದವನು ಅವನು. ನಮ್ಮ ಕಡೆ ಹೊಲವನ್ನು ಲಾವಣಿ ಹಿಡಿಯುವುದೂ ಬಿಡುವುದೂ ಯುಗಾದಿಗೆ ತೀರ್ಮಾನವಾಗುತ್ತದೆ. ನಮಸ್ಕರಿಸಿ ಕುಳಿತವನು ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಕೇಳಿದನು: “ಗುರುಗಳೇ, ಈ ವರ್ಷದ ಹೆಸರು ಪರಾಭವ ಅಂತಲ್ರೀ. ಹಂಗಂದರ ಸೋಲು ಅಂತ ಹೇಳತಾರ. ಸೋಲಿನ ವರ್ಷದಾಗ ಹೊಲ ಹಿಡೀಲೋ, ಬಿಟ್ಟು ದುಡಿಯಾಕ ಬೆಂಗಳೂರಿಗೆ ಹೋಗಲೋ?”

ಈ ಪ್ರಶ್ನೆಯು ಅವನೊಬ್ಬನದಲ್ಲ. ಹೊಸ ವರ್ಷದ ಹೊಸ್ತಿಲಲ್ಲಿ ನಿಂತ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ಇದು ಯಾವುದಾದರೊಂದು ರೂಪದಲ್ಲಿ ಇದ್ದೇ ಇರುತ್ತದೆ: ಹಳೆಯದು ಹಾಳಾಯಿತು, ಹೊಸದನ್ನು ನಂಬಬಹುದೇ? ನಂಬುವುದಾದರೆ ಯಾರನ್ನು ನಂಬಬೇಕು, ಹೇಗೆ ನಂಬಬೇಕು? ಶರಣರು ಇದಕ್ಕೆ ಏನು ಹೇಳಿದ್ದಾರೆಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಶಬ್ದಾರ್ಥ

ಓದುಬರಹವೇ ವೃತ್ತಿಯಾದವನಿಗೆ ಮೊದಲು ತೋರುವುದು ಶಬ್ದ. ನಾನು ಅವನಿಗೆ ಹೇಳಿದ್ದೂ ಅದನ್ನೇ. ‘ಭವ’ ಎಂಬುದು ‘ಭೂ’ ಎಂಬ ಧಾತುವಿನಿಂದ ಬಂದ ಶಬ್ದ. ಆಗುವುದು, ಇರುವುದು ಎಂದು ಅದರ ಅರ್ಥ. ಅದಕ್ಕೆ ‘ಪ್ರ’ ಎಂಬ ಉಪಸರ್ಗವು ಸೇರಿದರೆ ಪ್ರಭವ, ಅಂದರೆ ಹುಟ್ಟು. ಅದು ಸಂವತ್ಸರಗಳಲ್ಲಿ ಮೊದಲನೆಯದರ ಹೆಸರು. ‘ಪರಾ’ ಎಂಬುದು ಸೇರಿದರೆ ಪರಾಭವ, ಅಂದರೆ ಸೋಲು. ಧಾತು ಒಂದೇ, ಉಪಸರ್ಗವು ಮಾತ್ರ ಬೇರೆ. ಉಪಸರ್ಗವು ಧಾತುವಿನ ಅರ್ಥವನ್ನು ಬೇರೊಂದೆಡೆಗೆ ಎಳೆದೊಯ್ಯುತ್ತದೆಂದು ವೈಯಾಕರಣರು ಹೇಳುತ್ತಾರೆ. ಇನ್ನು ‘ಭವ’ ಎಂಬುದು ಸಂಸಾರಕ್ಕೂ ಹೆಸರು, ಶಿವನಿಗೂ ಹೆಸರು. ಸಂಸಾರವೆಂಬ ಭವವು ಸೋತರೆ ಅದು ಭಕ್ತನಿಗೆ ಲಾಭವೇ ಹೊರತು ನಷ್ಟವಲ್ಲ. ‘ನಾನು’ ಎಂಬುದು ಸೋಲುವುದೇ ಭಕ್ತಿಯ ಆರಂಭ. ಭಕ್ತರ ನಡುವೆ ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಎಣಿಸಿಕೊಂಡ ಬಸವಣ್ಣನವರ ಕಿಂಕರಭಾವವು ಇಂತಹ ಸೋಲೇ ಅಲ್ಲವೇ?

ಇಷ್ಟನ್ನು ಹೇಳಿ ನಾನು ಅವನ ಮುಖವನ್ನು ನೋಡಿದೆನು. ಅವನು ವಿನಯದಿಂದ ತಲೆಯಾಡಿಸಿದನು. ಆದರೆ ಮುಖದ ಮೇಲಿನ ಭಾರವು ಇಳಿಯಲಿಲ್ಲ. ನಾನು ಹೇಳಿದುದು ಸುಳ್ಳಾಗಿರಲಿಲ್ಲ. ಆದರೆ ಅವನು ಕೇಳಿದುದು ಶಬ್ದದ ವಿಷಯವನ್ನಲ್ಲ, ಹೊಲದ ವಿಷಯವನ್ನು. ವ್ಯಾಕರಣವು ಅವನ ಕಿವಿಯವರೆಗೆ ಹೋಗಿ ಅಲ್ಲಿಯೇ ನಿಂತುಬಿಟ್ಟಿತು. ಆದುದರಿಂದ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಹೆಸರು ಫಲವನ್ನು ಕೊಡುವುದೇ?

“ತಮ್ಮಾ, ನಿನ್ನ ಎತ್ತುಗಳು ಹೋದ ವರ್ಷದ ಹೆಸರು ಯಾವುದು?” ಎಂದು ಕೇಳಿದೆನು. ಅವನಿಗೆ ನೆನಪಿರಲಿಲ್ಲ. ಅದು ಶೋಭಕೃತ್ ಸಂವತ್ಸರ. ಶೋಭೆಯನ್ನು ಉಂಟುಮಾಡತಕ್ಕುದು ಎಂದು ಅರ್ಥ. ಅಂತಹ ಮಂಗಳಕರವಾದ ಹೆಸರಿನ ವರ್ಷದಲ್ಲಿಯೇ, 2023ರಲ್ಲಿ, ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರಕಾರವು ಸಾರಬೇಕಾಯಿತು. ಅದರ ಮುಂದಿನದು ಕ್ರೋಧಿ, ಕೋಪವುಳ್ಳದ್ದು. ಆ ವರ್ಷ, 2024ರಲ್ಲಿ, ಮಳೆ ಚೆನ್ನಾಗಿ ಬಂದು ಜಲಾಶಯಗಳು ತುಂಬಿದವು. ಹೆಸರೇ ಫಲವನ್ನು ಕೊಡುವಂತಿದ್ದರೆ ಇದು ತಲೆಕೆಳಗಾಗಬೇಕಿತ್ತು.

ಪಂಚಾಂಗವೆಂದರೆ ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಿಂದ ಕಾಲವನ್ನು ಅಳೆಯುವ ಲೆಕ್ಕ. ಕೊಳಗವು ಜೋಳವನ್ನು ಅಳೆಯುತ್ತದೆ, ಜೋಳವನ್ನು ಬೆಳೆಯುವುದಿಲ್ಲ. ಹಾಗೆಯೇ ಪಂಚಾಂಗವು ಕಾಲವನ್ನು ಅಳೆಯುತ್ತದೆ. ಕಾಲದಲ್ಲಿ ಆಗತಕ್ಕುದನ್ನು ಆಗಿಸುವುದಿಲ್ಲ. ಚಂದ್ರಬಲ ತಾರಾಬಲಗಳನ್ನು ನೋಡಿ ಭಯಪಡುತ್ತಿದ್ದ ಜನರಿಗೆ ಬಸವಣ್ಣನವರು ಇದನ್ನೇ ಬೋಧಿಸಿದರು. ಶಿವನನ್ನು ಪೂಜಿಸುವ ದಿನವೇ ಶುಭದಿನ, ಶರಣರು ಕೂಡಿ ಒಪ್ಪಿದ ಹೊತ್ತೇ ಲಗ್ನ ಎಂಬುದು ಅವರ ನಿಲುವು. ದಿನಕ್ಕೆ ಒಳ್ಳೆಯತನವು ಬರುವುದು ಅಂದು ನಾವು ಯಾರನ್ನು ನೆನೆಯುತ್ತೇವೆ, ಯಾವ ಕಾರ್ಯವನ್ನು ಮಾಡುತ್ತೇವೆ ಎಂಬುದರಿಂದ. ಹಾಗಾದರೆ ಕೆಟ್ಟ ಹೆಸರಿಗೆ ಹೆದರುವುದು ಎಷ್ಟು ಅವಿಚಾರವೋ, ಒಳ್ಳೆಯ ಹೆಸರನ್ನು ನಂಬಿ ಸುಮ್ಮನಿರುವುದೂ ಅಷ್ಟೇ ಅವಿಚಾರ. ನಂಬತಕ್ಕುದು ಕಾಲವನ್ನಲ್ಲ, ಕಾಲಕ್ಕೆ ಒಡೆಯನಾದವನನ್ನು.

ಚಿಗುರುವ ಮರ, ಚಿಗುರುವ ಕೊರಡು

ಯುಗಾದಿಯ ದಿನ ಮಾವು ಬೇವುಗಳು ಚಿಗುರಿರುವುದನ್ನು ತೋರಿಸಿ, ‘ನೋಡಿ, ಪ್ರಕೃತಿಯು ಹೊಸದಾಗಿದೆ, ನೀವೂ ಹೊಸಬರಾಗಿರಿ’ ಎಂದು ಹೇಳುವುದು ವಾಡಿಕೆ. ಇದು ಒಳ್ಳೆಯ ಮಾತೇ. ಆದರೆ ಇದರಲ್ಲಿ ಒಂದು ತೊಡಕಿದೆ. ಮರವು ಚಿಗುರುವುದು ಅದಕ್ಕೆ ಬೇರು ಇರುವುದರಿಂದ. ಬೇರೇ ಕಡಿದುಹೋದವನು ಏನು ಮಾಡಬೇಕು? ಎತ್ತುಗಳನ್ನು ಮಾರಿದವನು, ಮಗನನ್ನು ಕಳೆದುಕೊಂಡವಳು, ತಾನು ಮಾಡಿದ ತಪ್ಪಿನಿಂದ ತಾನೇ ಕುಗ್ಗಿಹೋದವನು, ಇವರಿಗೆ ಚೈತ್ರದ ತಳಿರನ್ನು ತೋರಿಸಿದರೆ ಸಮಾಧಾನವಾಗುವುದೇ? ತನ್ನೊಳಗೆ ಚಿಗುರುವ ಶಕ್ತಿ ಇಲ್ಲವೆಂದೇ ಅಲ್ಲವೇ ಅವರ ದುಃಖ?

ಈ ತೊಡಕನ್ನು ಬಸವಣ್ಣನವರು ಬಲ್ಲರು. ಶಿವನ ಒಲುಮೆಯನ್ನು ಕುರಿತ ಅವರ ಪ್ರಸಿದ್ಧವಾದ ಒಂದು ವಚನದಲ್ಲಿ ಅವರು ದೃಷ್ಟಾಂತವಾಗಿ ಎತ್ತಿಕೊಂಡದ್ದು ಹಸುರು ಮರವನ್ನಲ್ಲ, ಕೊರಡನ್ನು. ಕೊರಡೆಂದರೆ ಕಡಿದು ಒಣಗಿದ ಮರದ ತುಂಡು. ಅದಕ್ಕೆ ನೀರೆರೆದರೂ ಕೊಳೆಯುವುದೇ ಹೊರತು ಚಿಗುರುವುದಿಲ್ಲ. ಒಲೆಗಲ್ಲದೆ ಮತ್ತಾವುದಕ್ಕೂ ಬಾರದ ಅಂತಹ ವಸ್ತುವೂ ಶಿವನು ಒಲಿದರೆ ಚಿಗುರುತ್ತದೆಂದು ಅವರು ಹೇಳುತ್ತಾರೆ. ಅನಂತರ ಗೊಡ್ಡು ಹಸುವಿನ ದೃಷ್ಟಾಂತವು ಬರುತ್ತದೆ. ಅದರ ಮುಂದೆ ವಿಷದ ದೃಷ್ಟಾಂತವು ಬರುತ್ತದೆ.

ಈ ಮೂರನ್ನೂ ಬಾಯಿಪಾಠ ಮಾಡಿ ಹೇಳುವ ನಾವು ಇವುಗಳ ಕ್ರಮವನ್ನು ಗಮನಿಸುವುದು ಕಡಿಮೆ. ಕೊರಡಿನಲ್ಲಿರುವುದು ಜೀವವಿಲ್ಲದ ದೋಷ. ಗೊಡ್ಡು ಹಸುವಿನಲ್ಲಿ ಜೀವವಿದೆ, ಮೇವನ್ನೂ ತಿನ್ನುತ್ತದೆ, ಆದರೆ ಫಲವಿಲ್ಲ. ವಿಷದಲ್ಲಿ ಶಕ್ತಿಯೂ ಉಂಟು, ಫಲವೂ ಉಂಟು. ಆದರೆ ಆ ಫಲವು ಕೇಡು. ಮನುಷ್ಯನ ಅವಸ್ಥೆಗಳೂ ಮೂರು ಬಗೆ. ಉತ್ಸಾಹವೇ ಸತ್ತು ಮೂಲೆಯಲ್ಲಿ ಬಿದ್ದಿರುವವನು ಒಬ್ಬ. ದುಡಿಯುತ್ತಲೇ ಇದ್ದರೂ ಯಾವ ಫಲವನ್ನೂ ಕಾಣದವನು ಇನ್ನೊಬ್ಬ. ಬುದ್ಧಿ ಬಲಗಳಿದ್ದೂ ಅವನ್ನು ತನಗೂ ಪರರಿಗೂ ಕೇಡಾಗುವಂತೆ ಬಳಸಿದವನು ಮತ್ತೊಬ್ಬ. ಮೊದಲನೆಯವನಿಗೆ ಜೀವ ಬೇಕು, ಎರಡನೆಯವನಿಗೆ ಫಲ ಬೇಕು, ಮೂರನೆಯವನಿಗೆ ಸ್ವಭಾವವೇ ಬದಲಾಗಬೇಕು. ಇವರಲ್ಲಿ ಯಾರೂ ಕೃಪೆಗೆ ಹೊರಗಲ್ಲ ಎಂಬುದು ಆ ವಚನದ ತಾತ್ಪರ್ಯ. ಚೈತ್ರಮಾಸವು ಮರವನ್ನು ಚಿಗುರಿಸಬಲ್ಲುದು. ಕೊರಡನ್ನು ಚಿಗುರಿಸುವುದು ಕೃಪೆಯೊಂದೇ. ಪ್ರಕೃತಿಯ ನವೀಕರಣಕ್ಕೂ ಶಿವನ ಅನುಗ್ರಹದ ನವೀಕರಣಕ್ಕೂ ಇರುವ ಭೇದವು ಇದೇ.

ಒಂದು ಶಂಕೆ, ಅದರ ಸಮಾಧಾನ

ಇಲ್ಲಿ ಒಂದು ಶಂಕೆಯು ಹುಟ್ಟುತ್ತದೆ. ಎಲ್ಲವೂ ಒಲುಮೆಯಿಂದಲೇ ಆಗುವುದಾದರೆ ಮನುಷ್ಯನು ಮಾಡಬೇಕಾದುದೇನು? ನಂಬಿ ಕೈಕಟ್ಟಿ ಕುಳಿತರೆ ಸಾಲದೇ?

ಸಾಲದು. ಶರಣರು ನಂಬುಗೆಯನ್ನೂ ಕಾಯಕವನ್ನೂ ಬೇರೆಮಾಡಲಿಲ್ಲ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನೆನೆಯಿರಿ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಅವರು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿರಲು, ಸತಿ ಲಕ್ಕಮ್ಮನವರು ಕಾಯಕವು ನಿಂತುದನ್ನು ನೆನಪುಮಾಡಿ ಎಬ್ಬಿಸಿ ಕಳುಹಿಸಿದರು. ಮತ್ತೆ ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಆಸೆಯು ನಮಗೆ ತಕ್ಕುದಲ್ಲವೆಂದು ಹೇಳಿ, ಹೆಚ್ಚಿನದನ್ನು ಅಲ್ಲಿಗೇ ಹಿಂದಿರುಗಿಸುವಂತೆ ಮಾಡಿದರು.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಮೊದಲನೆಯದರಲ್ಲಿ ಲಕ್ಕಮ್ಮನವರು ಕಾಯಕವನ್ನು ಬಿಟ್ಟ ನಂಬುಗೆಯನ್ನು ತಿದ್ದಿದರು. ಎರಡನೆಯದರಲ್ಲಿ ನಂಬುಗೆಯನ್ನು ಬಿಟ್ಟ ಕಾಯಕವನ್ನು ತಿದ್ದಿದರು. ನಾಳೆಯ ಅಕ್ಕಿಯನ್ನು ಇಂದೇ ಕೂಡಿಡುವವನಿಗೆ ನಾಳೆ ಶಿವನಿರುವನೆಂಬ ವಿಶ್ವಾಸವಿಲ್ಲ. ಇಂದಿನ ಅಕ್ಕಿಯನ್ನೂ ಆಯದೆ ಕುಳಿತವನಿಗೆ ಇಂದು ಶಿವನು ತನ್ನ ಕೈಯಲ್ಲಿಯೇ ಇರುವನೆಂಬ ಅರಿವಿಲ್ಲ. ಇಂದಿನ ಕಾಯಕವನ್ನು ಇಂದು ಮಾಡಿ ನಾಳೆಯನ್ನು ಶಿವನಿಗೆ ಬಿಡುವುದು ಶರಣಮಾರ್ಗ.

ಇದಕ್ಕೆ ನಮ್ಮ ಕಾಲದ ಒಂದು ನಿದರ್ಶನವನ್ನು ಕೊಡುತ್ತೇನೆ. 2024ನೆಯ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ್ದ ನೀರು ಹೊಳೆಗೆ ಹರಿದುಹೋಗುವುದನ್ನು ಕಂಡು ಅಚ್ಚುಕಟ್ಟಿನ ರೈತರ ಎದೆ ಒಡೆಯಿತು. ಆದರೆ ಕೆಲಸಗಾರರೂ ಇಂಜಿನಿಯರರೂ ರಭಸದಿಂದ ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದರು. ಆ ಮೇಲೆ ಮಳೆ ಬಂದು ಜಲಾಶಯವು ಮತ್ತೆ ತುಂಬಿತು. ಕಂಡಿಯನ್ನು ಮುಚ್ಚದೆ ಇದ್ದಿದ್ದರೆ ಬಂದ ಮಳೆಯು ನಿಲ್ಲುತ್ತಿರಲಿಲ್ಲ. ಮಳೆಯೇ ಬಾರದಿದ್ದರೆ ಮುಚ್ಚಿದ ಕಂಡಿಯು ನೀರನ್ನು ಹುಟ್ಟಿಸುತ್ತಿರಲಿಲ್ಲ. ಕಾಯಕವು ಕೃಪೆಯನ್ನು ತಡೆದು ನಿಲ್ಲಿಸಿಕೊಳ್ಳುವ ಕಟ್ಟೆ. ಕಟ್ಟೆಯು ಮಳೆಯನ್ನು ಕೊಳ್ಳಲಾರದು, ಆದರೆ ಮಳೆಗಾಗಿ ಸಿದ್ಧವಾಗಿರಬಲ್ಲುದು.

ಹೊಸತನವು ಈಗಾಗಲೇ ದೊರೆತಿದೆ

ವೀರಶೈವನಿಗೆ ಹೊಸ ಹುಟ್ಟೆಂಬುದು ಎಂದೋ ಬರತಕ್ಕ ವಸ್ತುವಲ್ಲ. ದೀಕ್ಷೆಯ ದಿನವೇ ಅದು ಆಗಿದೆ. ಶ್ರೀಗುರುವು ಮಸ್ತಕದ ಮೇಲೆ ಹಸ್ತವನ್ನಿಟ್ಟು ಮಾಡುವ ವೇಧಾದೀಕ್ಷೆಯಿಂದ ಆಣವಮಲವೂ, ಕರ್ಣದಲ್ಲಿ ಪಂಚಾಕ್ಷರಿಯನ್ನು ಉಪದೇಶಿಸುವ ಮಂತ್ರದೀಕ್ಷೆಯಿಂದ ಮಾಯಾಮಲವೂ, ಕರದಲ್ಲಿ ಇಷ್ಟಲಿಂಗವನ್ನು ಅನುಗ್ರಹಿಸುವ ಕ್ರಿಯಾದೀಕ್ಷೆಯಿಂದ ಕಾರ್ಮಿಕಮಲವೂ ಕಳೆಯುತ್ತವೆಂದು ಶಾಸ್ತ್ರವು ಹೇಳುತ್ತದೆ. ಕಾರಣ, ಸೂಕ್ಷ್ಮ, ಸ್ಥೂಲ ಎಂಬ ಮೂರು ತನುಗಳೂ ಹೀಗೆ ಶುದ್ಧವಾಗುತ್ತವೆ. ಭಕ್ತನು ಗುರುವಿನ ಕರದಲ್ಲಿ ಹುಟ್ಟಿದವನಾದುದರಿಂದ ಅವನನ್ನು ಕರಸಂಜಾತನೆಂದು ಕರೆದರು. ಅವನ ಪೂರ್ವಾಶ್ರಯವು ಅಂದಿಗೆ ನಿರಸನವಾಯಿತು.

ಹಾಗಿದ್ದರೆ ಪ್ರತಿವರ್ಷವೂ ಹೊಸಬರಾಗಬೇಕೆಂದು ಹಂಬಲಿಸುವುದೇಕೆ? ದೊರೆತುದನ್ನು ಮರೆಯುವುದರಿಂದ. ಕಂಚಿನ ಪಾತ್ರೆಯು ಕಿಲುಬು ಹಿಡಿದರೆ ಹೊಸ ಪಾತ್ರೆಯನ್ನು ತರಬೇಕಾಗಿಲ್ಲ. ಹುಣಿಸೆಹಣ್ಣು ಹಚ್ಚಿ ಬೆಳಗಿದರೆ ಸಾಕು, ಒಳಗಿದ್ದ ಹೊಳಪು ಹೊರಗೆ ಬರುತ್ತದೆ. ಯುಗಾದಿಯು ಬೆಳಗುವ ದಿನ. ಅಂದಿನ ಲಿಂಗಪೂಜೆಯಲ್ಲಿ ‘ಹೊಸದೇನನ್ನಾದರೂ ಕೊಡು’ ಎಂದು ಬೇಡುವುದಕ್ಕಿಂತ ‘ಕೊಟ್ಟುದನ್ನು ಮರೆಯದಂತೆ ಮಾಡು’ ಎಂದು ಬೇಡುವುದು ಲೇಸು.

ಈ ನಂಬುಗೆಯು ಬೆಳೆಯುವ ಕ್ರಮವನ್ನು ಷಟ್‌ಸ್ಥಲಸಿದ್ಧಾಂತವು ಮೆಟ್ಟಿಲುಮೆಟ್ಟಿಲಾಗಿ ತೋರಿಸುತ್ತದೆ. ಭಕ್ತಸ್ಥಲದಲ್ಲಿ ಅದು ಶ್ರದ್ಧೆ. ಶಿವನಿದ್ದಾನೆ, ಅವನು ನನ್ನವನು ಎಂಬ ಒಪ್ಪಿಗೆ. ಮಾಹೇಶ್ವರಸ್ಥಲದಲ್ಲಿ ಅದು ನಿಷ್ಠೆ; ಕಷ್ಟವು ಬಂದಾಗ ಇನ್ನೊಂದು ಬಾಗಿಲಿಗೆ ಓಡದ ಗಟ್ಟಿತನ. ಪ್ರಸಾದಿಸ್ಥಲದಲ್ಲಿ ಅದು ಅವಧಾನ. ಬಂದುದೆಲ್ಲವನ್ನೂ ಎಚ್ಚರದಿಂದ ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದು. ಮುಂದಿನ ಪ್ರಾಣಲಿಂಗಿ, ಶರಣ, ಐಕ್ಯಸ್ಥಲಗಳಲ್ಲಿ ಅದು ಅನುಭಾವ, ಆನಂದ, ಸಮರಸಗಳಾಗಿ ಪಕ್ವವಾಗುತ್ತದೆ.

ಬೇವು-ಬೆಲ್ಲದ ಅರ್ಥವು ತಿಳಿಯುವುದು ಈ ಪ್ರಸಾದಿಸ್ಥಲದಲ್ಲಿ. ಬೇವು ದುಃಖ, ಬೆಲ್ಲ ಸುಖ, ಎರಡನ್ನೂ ಸಮವಾಗಿ ನೋಡಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಕಹಿಯು ಕಹಿಯೇ. ನಾಲಗೆಗೆ ಸಮವೆಂದು ಹೇಳಿದ ಮಾತ್ರಕ್ಕೆ ಅದು ಸಿಹಿಯಾಗದು. ಲಿಂಗವಂತನು ಮಾಡುವುದು ಬೇರೆ. ಅವನು ಅದನ್ನು ತಿನ್ನುವುದಕ್ಕೆ ಮೊದಲು ಲಿಂಗಕ್ಕೆ ಅರ್ಪಿಸುತ್ತಾನೆ. ಅರ್ಪಿತವಾದ ಮೇಲೆ ಅದು ಬೇವೂ ಅಲ್ಲ, ಬೆಲ್ಲವೂ ಅಲ್ಲ, ಪ್ರಸಾದ. ಒಡೆಯನು ಮೊದಲು ಕಂಡ ಕಹಿಯನ್ನು ತಾನು ಒಂಟಿಯಾಗಿ ನುಂಗುತ್ತಿಲ್ಲವೆಂಬ ಅರಿವೇ ಭಕ್ತನಿಗೆ ಬಲ.

ಫಲ ಬಾರದಿದ್ದರೆ?

ಇನ್ನೊಂದು ಶಂಕೆಯು ಉಳಿದಿದೆ. ಇದು ಹೆಚ್ಚು ಕಠಿನವಾದುದು. ನಂಬಿದರೂ ದುಡಿದರೂ ಸೋಲು ಬಂದರೆ? ಆ ರೈತನ ಬಾಯಿಂದ ಬಾರದಿದ್ದರೂ ಕಣ್ಣಿನಲ್ಲಿ ಇದ್ದ ಪ್ರಶ್ನೆ ಇದೇ.

ಇದಕ್ಕೆ ನಾವು ಸುಲಭವಾದ ಉತ್ತರವನ್ನು ಕೊಡಬಾರದು. ನಂಬಿದವನ ಹೊಲಕ್ಕೆ ಮಳೆ ಬಂದೇ ಬರುವುದೆಂದು ಶರಣರು ಎಲ್ಲಿಯೂ ಕರಾರು ಬರೆದುಕೊಡಲಿಲ್ಲ. ಅವರೇ ಸೋಲನ್ನು ಕಂಡವರು. 12ನೆಯ ಶತಮಾನದ ಕಲ್ಯಾಣದಲ್ಲಿ, ಜಾತಿಯ ಗೋಡೆಗಳನ್ನು ದಾಟಿ ಕೂಡಿದ ಶರಣಸಮೂಹವು ಬಿಜ್ಜಳನ ಕಾಲದ ವಿಪ್ಲವದಲ್ಲಿ ಚದುರಿಹೋಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. ಚೆನ್ನಬಸವಣ್ಣನವರು ಶರಣರೊಡನೆ ಉಳವಿಯ ಕಾಡನ್ನು ಸೇರಿದರು. ಅಂದಿನ ಲೋಕದ ಕಣ್ಣಿಗೆ ಅದು ಪರಾಭವವೇ. ಕಡಿದ ಮರದ ಕೊರಡಿನಂತೆ ಕಲ್ಯಾಣವು ಬಿದ್ದಿತು.

ಆದರೆ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಉಳಿದವು. ಮನೆಗಳಲ್ಲಿ, ಮಠಗಳಲ್ಲಿ ಅವನ್ನು ಪೂಜೆಯ ಜಗುಲಿಯ ಮೇಲಿಟ್ಟು ಕಾಪಾಡಿದರು. 15ನೆಯ ಶತಮಾನದ ವಿಜಯನಗರದ ಕಾಲದಲ್ಲಿ ವಿರಕ್ತರು ಅವನ್ನು ಕೂಡಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ರಚಿಸಿದರು. ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನು ಬರೆದನು. ಮತ್ತೆ ಕೆಲವು ಶತಮಾನಗಳು ಕಳೆದ ಮೇಲೆ ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಯ ತಾಳೆಗರಿಗಳನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಹಾಕಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಸ್ವಂತ ಸುಖವನ್ನೂ ಸಂಪಾದನೆಯನ್ನೂ ಅದಕ್ಕೇ ಸವೆಸಿ 1964ರಲ್ಲಿ ಲಿಂಗೈಕ್ಯರಾದರು. ಇಂದು ನಾಡಿನ ಮಕ್ಕಳು ವಚನಗಳನ್ನು ಓದುತ್ತಿರುವುದು ಆ ತಾಳೆಗರಿಗಳನ್ನು ಕಾಪಾಡಿದ, ಹುಡುಕಿದ ಕೈಗಳಿಂದ.

ಕಲ್ಯಾಣವನ್ನು ಬಿಟ್ಟು ನಡೆದ ಶರಣನೊಬ್ಬನು ಹೆಗಲ ಮೇಲೆ ತಾಳೆಗರಿಯ ಕಟ್ಟನ್ನು ಹೊತ್ತಾಗ ಇದನ್ನೆಲ್ಲ ಕಂಡಿರಲಿಲ್ಲ. ಅವನು ಕಂಡದ್ದು ಸೋಲನ್ನೇ. ಆದರೂ ಕಟ್ಟನ್ನು ಕೆಳಗಿಡಲಿಲ್ಲ. ನಂಬುಗೆಯೆಂದರೆ ಇದು: ಚಿಗುರನ್ನು ಕಾಣುವವರೆಗೆ ಕೊರಡನ್ನು ಒಲೆಗೆ ಹಾಕದಿರುವುದು. ಕೃಪೆಯ ಕಾಲವು ನಮ್ಮ ಪಂಚಾಂಗದ ಕಾಲವಲ್ಲ. ಅದು ಒಂದು ವರ್ಷದಲ್ಲಿ ಬರಬಹುದು. ಶತಮಾನಗಳ ಅನಂತರ ಬೇರೊಬ್ಬರ ಅಂಗಳದಲ್ಲಿಯೂ ಚಿಗುರಬಹುದು.

ಉಪಸಂಹಾರ

ಇಷ್ಟನ್ನೂ ಆ ದಿನ ನಾನು ಅವನಿಗೆ ಹೇಳಲಿಲ್ಲ. ಕೊರಡಿನ ದೃಷ್ಟಾಂತವನ್ನೂ ಲಕ್ಕಮ್ಮನವರ ಕಥೆಯನ್ನೂ ಹೇಳಿ, “ಮಳೆಯ ಮಾತನ್ನು ನಾನು ಕೊಡಲಾರೆ, ತಮ್ಮಾ. ಶಕ್ತಿಗೆ ಮೀರಿ ಹಿಡಿಯಬೇಡ. ಇಂದಿನ ಕಾಯಕಕ್ಕೆ ಸಾಲುವಷ್ಟನ್ನು ಹಿಡಿ. ವರ್ಷದ ಹೆಸರಿಗೆ ಹೆದರಿ ಮಾತ್ರ ಬಿಡಬೇಡ” ಎಂದೆನು. ಅವನು ಸ್ವಲ್ಪ ಯೋಚಿಸಿ, ಎಂಟು ಎಕರೆಯ ಬದಲು ಮೂರು ಎಕರೆಯನ್ನು ಹಿಡಿಯುವುದಾಗಿ ಹೇಳಿದನು. ಏಳುವಾಗ, “ಬೆಳೆ ಬಂದರ ದಾಸೋಹಕ್ಕ ಒಂದು ಚೀಲ ಜೋಳ ತರತೀನ್ರಿ. ಬರದಿದ್ದರ ನಾನ ಬರತೀನಿ” ಎಂದು ನಕ್ಕನು.

ಆ ಕಡೆಯ ಮಾತು ನನ್ನಲ್ಲಿ ಇನ್ನೂ ಉಳಿದಿದೆ. ಬೆಳೆ ಬಂದರೆ ಚೀಲವು ಬರುತ್ತದೆ. ಬಾರದಿದ್ದರೆ ಅವನೇ ಬರುತ್ತಾನೆ. ಎರಡಕ್ಕೂ ಬಾಗಿಲು ತೆರೆದಿರಬೇಕು. ಶಿವನನ್ನು ನಂಬು ಎಂದು ಹೇಳಿದವನ ಮೇಲೆ ಒಂದು ಋಣವಿದೆ. ನಂಬಿ ಸೋತವನಿಗೆ ಉಣಬಡಿಸುವ ಕೈ ನಮ್ಮದಾಗದಿದ್ದರೆ, ನಂಬು ಎಂದು ಹೇಳುವ ಅಧಿಕಾರವೂ ನಮಗಿಲ್ಲ. ದಾಸೋಹವನ್ನು ಶರಣರು ಧರ್ಮದ ಅಂಗವಾಗಿ ಇರಿಸಿದುದು ಇದಕ್ಕಾಗಿಯೇ. ಒಬ್ಬನ ನಂಬುಗೆಯು ಬಳಲಿದಾಗ ಸಮಾಜದ ದಾಸೋಹವು ಅದನ್ನು ಹೊತ್ತು ನಡೆಸುತ್ತದೆ. ಶಿವನ ಒಲುಮೆಯು ಬಹುಸಲ ಮನುಷ್ಯನ ಕೈಯ ಮೂಲಕವೇ ಬರುತ್ತದೆ.

ಆದುದರಿಂದ, ಶರಣಬಂಧುಗಳೇ, ಈ ಯುಗಾದಿಯ ದಿನ ಮೂರು ಕಾರ್ಯಗಳನ್ನು ಮಾಡೋಣ. ಲಿಂಗಪೂಜೆಯಲ್ಲಿ ಕುಳಿತು, ದೀಕ್ಷೆಯ ದಿನ ದೊರೆತ ಹೊಸ ಹುಟ್ಟನ್ನು ನೆನೆಯೋಣ. ನಿಂತುಹೋದ ಒಂದು ಕಾಯಕವನ್ನು, ಅದು ಎಷ್ಟೇ ಸಣ್ಣದಾಗಿರಲಿ, ಅಂದೇ ಮತ್ತೆ ಕೈಗೆತ್ತಿಕೊಳ್ಳೋಣ. ಕಳೆದ ವರ್ಷದಲ್ಲಿ ಸೋತವರೊಬ್ಬರನ್ನು ಮನೆಗೆ ಕರೆದು, ಬೇವು-ಬೆಲ್ಲವನ್ನು ಅವರೊಡನೆ ಹಂಚಿಕೊಳ್ಳೋಣ. ಹೀಗೆ ಮಾಡಿದಲ್ಲಿ ಪರಾಭವವೆಂಬ ಹೆಸರು ಪಂಚಾಂಗದ ಹಾಳೆಯಲ್ಲಿಯೇ ಉಳಿಯುತ್ತದೆ. ನಮ್ಮ ಅಂಗಳಕ್ಕೆ ಬರುವುದಿಲ್ಲ.

ಸರ್ವರಿಗೂ ಶ್ರೀಗುರುಬಸವೇಶ್ವರನ ಕೃಪೆಯಿರಲಿ. ಶಿವಮಸ್ತು.